ಬಂದವರೆಷ್ಟು, ಕೊಂಡವರೆಷ್ಟು? ಜಾಲತಾಣದ ಮಾರಾಟ ಮತ್ತು ಶಿಫಾರಸು ಕಮಿಷನ್ ಕುರಿತು ಒಂದು ಅಭ್ಯಾಸ



ಹೂಮಳೆ ಬಿದ್ದ ಎಂಟು ಹತ್ತು ದಿನಕ್ಕೆ ಕಾಫಿ ತೋಟವೆಲ್ಲ ಬೆಳ್ಳಗಾಗಿ ನಿಲ್ಲುವುದನ್ನು ನಾವು ವರ್ಷ ವರ್ಷವೂ ನೋಡುತ್ತೇವೆ. ನೆಂಟರು ಬಂದರೆ ಕರೆದುಕೊಂಡು ಹೋಗಿ ತೋರಿಸುತ್ತೇವೆ. ಆದರೆ ಆ ಹೂವನ್ನು ನಂಬಿ ಯಾರೂ ಬ್ಯಾಂಕಿನವರಿಗೆ ಮಾತು ಕೊಡುವುದಿಲ್ಲ. ಬ್ಯಾಕಿಂಗ್ ಮಳೆ ಬರಬೇಕು, ಕಾಯಿ ಕಚ್ಚಬೇಕು, ಕಚ್ಚಿದ್ದು ಮಳೆಗಾಲದಲ್ಲಿ ಉದುರದೆ ಉಳಿಯಬೇಕು. ಅಡಿಕೆಯಲ್ಲಿಯೂ ಹಿಂಗಾರ ಎಷ್ಟು ದೊಡ್ಡದಾಗಿ ಒಡೆಯಿತು ಎಂಬುದಕ್ಕಿಂತ ಎಳೆಕಾಯಿ ಉದುರಿದ ಮೇಲೆ ಗೊನೆಯಲ್ಲಿ ಉಳಿದದ್ದೆಷ್ಟು ಎಂಬುದೇ ಲೆಕ್ಕ.

ಈ ಸಂಚಿಕೆಯಲ್ಲಿ ನಾವು ಹೇಳಹೊರಟಿರುವುದು ಇಂಥದೇ ಒಂದು ಲೆಕ್ಕವನ್ನು. ಆದರೆ ಇದು ತೋಟದ್ದಲ್ಲ, ಜಾಲತಾಣದ್ದು. ನಮ್ಮ ಸದಸ್ಯರಲ್ಲಿ ಕೆಲವರು ಸ್ವಂತ ಹುರಿಯುವ ಯಂತ್ರ ಹಾಕಿ ಪುಡಿ ಮಾಡಿ, ಕಾಳುಮೆಣಸನ್ನು ಸಣ್ಣ ಪ್ಯಾಕೆಟ್ಟಿಗೆ ತುಂಬಿ, ವೆಬ್‌ಸೈಟಿನಲ್ಲಿಟ್ಟು ಮಾರಲು ಆರಂಭಿಸಿದ್ದಾರೆ. ಸಂಘದ ಹೆಸರಿನಲ್ಲಿಯೂ ಒಂದು ಪುಟ ನಡೆಯುತ್ತಿದೆ. ಇನ್ನು ಕೆಲವು ಮನೆಗಳ ಮಕ್ಕಳು ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಕುಳಿತು, ಬೇರೆಯವರ ಸರಕನ್ನು ತಮ್ಮ ಬರಹ, ವೀಡಿಯೋಗಳ ಮೂಲಕ ಶಿಫಾರಸು ಮಾಡಿ ಕಮಿಷನ್ ಪಡೆಯುತ್ತಿದ್ದಾರೆ. ಇದಕ್ಕೆ ಅಫಿಲಿಯೇಟ್ ಮಾರಾಟವೆಂದು ಹೆಸರು. ಕಳೆದ ಸರ್ವಸದಸ್ಯರ ಸಭೆಯಲ್ಲಿ ಒಬ್ಬ ಸದಸ್ಯರು ಎದ್ದು, "ಪುಟಕ್ಕೆ ಸಾವಿರಾರು ಜನ ಬರುತ್ತಾರೆಂದು ತೋರಿಸುತ್ತೀರಿ, ಆರ್ಡರ್ ಪುಸ್ತಕದಲ್ಲಿ ಏನೂ ಕಾಣುವುದಿಲ್ಲವಲ್ಲ?" ಎಂದು ಕೇಳಿದರು. ಅವರು ಸಾಲ ಮಾಡಿ ಯಂತ್ರ ತಂದವರು, ಒಂದು ಹಂಗಾಮಿನ ಮೆಣಸಿನ ಹಣದಲ್ಲಿ ಒಳ್ಳೆಯ ಪಾಲನ್ನು ಜಾಹೀರಾತಿಗೆ ಸುರಿದವರು. ಅಂದು ಸಭೆಯಲ್ಲಿ ನಾವು ಕೊಟ್ಟ ಉತ್ತರ ನಮಗೇ ಸಮಾಧಾನ ತರಲಿಲ್ಲ. ಆದುದರಿಂದ ಈ ಲೇಖನ.

ಅಡಿಕೆಯನ್ನು ಈ ಮಾತಿನಿಂದ ಹೊರಗಿಡುತ್ತೇವೆ. ರಾಶಿ, ಬೆಟ್ಟೆ, ಗೊರಬಲು, ಸರಕು ಎಂದು ವಿಂಗಡಣೆಯಾಗಿ ಮಂಡಿಯಲ್ಲಿ ಮೂಟೆಗಟ್ಟಲೆ ಹೋಗುವ ಮಾಲಿಗೆ ಜಾಲತಾಣದ ಗಿರಾಕಿ ಬೇಕಾಗಿಲ್ಲ. ಇಲ್ಲಿ ಹೇಳುವುದೆಲ್ಲ ಕಾಫಿಪುಡಿ, ಮೆಣಸು, ಏಲಕ್ಕಿ, ಜೇನಿನಂತಹ ಮನೆಬಳಕೆಯ ಸರಕಿಗೆ ಸಂಬಂಧಿಸಿದ್ದು.

ಹಿಂದಿನ ಒಂದು ಸಂಗತಿ. ನಮ್ಮಲ್ಲಿ ಹಿರಿಯರಿಗೆ ಕಾಫಿ ಮಂಡಲಿಯ ಪೂಲ್ ಪದ್ಧತಿ ಚೆನ್ನಾಗಿ ನೆನಪಿದೆ. ಬೆಳೆದದ್ದನ್ನು ಪೂಲಿಗೆ ಹಾಕಿ, ಪಾಯಿಂಟಿನ ಹಣಕ್ಕಾಗಿ ಕಾದು ಕೂರುವುದಷ್ಟೇ ನಮ್ಮ ವ್ಯಾಪಾರವಾಗಿತ್ತು. ಕೊಳ್ಳುವವನ ಮುಖವನ್ನು ನಾವು ನೋಡಿದವರಲ್ಲ. 1992ರಿಂದ ಹಂತಹಂತವಾಗಿ ಸಡಿಲಗೊಂಡು 1996ರಲ್ಲಿ ಬೆಳೆಗಾರನಿಗೆ ಪೂರ್ಣ ಸ್ವಾತಂತ್ರ್ಯ ಬಂದಿತು. ಅದೇ 1996ರ ಜುಲೈಯಲ್ಲಿ ಅಮೆರಿಕದ ಅಮೆಜಾನ್ ಪುಸ್ತಕದಂಗಡಿಯು, ಬೇರೆಯವರ ಜಾಲತಾಣದಿಂದ ಬಂದ ಗಿರಾಕಿ ಪುಸ್ತಕ ಕೊಂಡರೆ ಕಳುಹಿಸಿದವನಿಗೆ ಕಮಿಷನ್ ಕೊಡುವ ಪದ್ಧತಿಯನ್ನು ಆರಂಭಿಸಿತು. ಎರಡಕ್ಕೂ ಸಂಬಂಧವೇನಿಲ್ಲ. ಆದರೆ ಮಾರುವ ವಿದ್ಯೆಯನ್ನು ನಾವು ಕಲಿಯಲಾರಂಭಿಸಿದ ವರ್ಷವೇ ಮಾರುಕಟ್ಟೆಯ ರೂಪವೂ ಬದಲಾಗತೊಡಗಿತ್ತು ಎಂಬುದನ್ನು ಈಗ ತಿರುಗಿ ನೋಡಿದಾಗ ಕಾಣುತ್ತೇವೆ.

ಲೆಕ್ಕ ಎಲ್ಲಿಂದ ಆರಂಭ?

ಪುಟಕ್ಕೆ ಬಂದ ನೂರು ಜನರಲ್ಲಿ ಎಷ್ಟು ಜನ ಕೊಂಡರೋ ಅದಕ್ಕೆ ಪರಿವರ್ತನೆಯ ಪ್ರಮಾಣವೆಂದು ಹೆಸರು. ಸಾವಿರ ಜನ ಬಂದು ಹತ್ತು ಆರ್ಡರ್ ಬಂದರೆ ನೂರಕ್ಕೆ ಒಂದು. ಇಷ್ಟೇ ಅದರ ಅರ್ಥ. ಆದರೆ ಈ ಒಂದು ಸಣ್ಣ ಅಂಕಿ ಲಾಭ ನಷ್ಟವನ್ನು ಹೇಗೆ ತಿರುಗಿಸುತ್ತದೆ ಎಂಬುದನ್ನು ಒಂದು ಉದಾಹರಣೆಯಿಂದ ನೋಡೋಣ.

ಅರ್ಧ ಕಿಲೋ ಪುಡಿಯ ಪ್ಯಾಕೆಟ್ಟಿಗೆ ಬೆಲೆ 500 ರೂಪಾಯಿ ಎಂದಿಟ್ಟುಕೊಳ್ಳಿ. ಬೀಜದ ಬೆಲೆ, ಹುರಿತ, ಪ್ಯಾಕಿಂಗು, ಕೊರಿಯರ್ ಎಲ್ಲ ಕಳೆದು ಕೈಯಲ್ಲಿ 150 ಉಳಿಯುತ್ತದೆ. ಒಬ್ಬನನ್ನು ನಮ್ಮ ಪುಟಕ್ಕೆ ಕರೆತರಲು ಜಾಹೀರಾತಿಗೆ 5 ರೂಪಾಯಿ ಖರ್ಚು. ನೂರಕ್ಕೆ ಒಬ್ಬ ಕೊಂಡರೆ ಒಂದು ಆರ್ಡರಿಗೆ ಜಾಹೀರಾತಿನ ಖರ್ಚು 500 ರೂಪಾಯಿ. ಉಳಿಯುವ 150ನ್ನು ಕಳೆದರೂ ಪ್ರತಿ ಪ್ಯಾಕೆಟ್ಟಿಗೆ 350 ರೂಪಾಯಿ ಕೈಯಿಂದ ಹೋಯಿತು. ಹೆಚ್ಚು ಮಾರಿದಷ್ಟೂ ಹೆಚ್ಚು ನಷ್ಟ! ನೂರಕ್ಕೆ ಇಬ್ಬರಾದರೂ 100 ರೂಪಾಯಿ ನಷ್ಟವೇ. ನೂರಕ್ಕೆ ಮೂರೂ ಕಾಲಿಗಿಂತ ತುಸು ಮೇಲೆ ಹೋದಾಗ ಮಾತ್ರ ಅಸಲು. ನಮ್ಮ ಸದಸ್ಯರ ಮೆಣಸಿನ ಹಣ ಹೋದದ್ದು ಈ ದಾರಿಯಲ್ಲಿಯೇ. ಜಾಹೀರಾತು ಕೆಟ್ಟದ್ದಿರಲಿಲ್ಲ, ಜನ ಬಂದಿದ್ದರು. ಬಂದವರು ಕೊಳ್ಳದೆ ಹೋಗುತ್ತಿದ್ದಾಗ ಇನ್ನಷ್ಟು ಜನರನ್ನು ಕರೆಯುತ್ತಾ ಹೋದದ್ದೇ ತಪ್ಪಾಯಿತು. ತಳ ತೂತಾದ ಹಂಡೆಗೆ ನೀರು ಹೊತ್ತಂತೆ.

ಇಲ್ಲಿ ಒಂದು ಮಾತು ಸೇರಿಸಬೇಕು. ಒಮ್ಮೆ ಕೊಂಡವನು ತಿಂಗಳು ತಿಂಗಳೂ ಕೊಳ್ಳುವವನಾದರೆ ಎರಡನೆಯ ಸಲದಿಂದ ಜಾಹೀರಾತಿನ ಖರ್ಚಿಲ್ಲ. ಆಗ ಮೊದಲ ಪ್ಯಾಕೆಟ್ಟಿನ ನಷ್ಟವನ್ನು ಗಿಡ ನೆಟ್ಟ ಖರ್ಚೆಂದು ತಿಳಿಯಬಹುದು. ಆದರೆ ಎಷ್ಟು ಜನ ಹಾಗೆ ಮರಳಿ ಬರುತ್ತಾರೆಂಬುದನ್ನು ಪುಸ್ತಕ ನೋಡಿ ಹೇಳಬೇಕೇ ಹೊರತು ಅಂದಾಜಿನ ಮೇಲೆ ನೆಡಬಾರದು.

ಈಗ ಅಫಿಲಿಯೇಟ್ ಪದ್ಧತಿಗೆ ಬರೋಣ. ಇಲ್ಲಿ ಕರೆತಂದದ್ದಕ್ಕೆ ಹಣವಿಲ್ಲ, ಮಾರಾಟವಾದರೆ ಮಾತ್ರ ಕಮಿಷನ್. ನೂರಕ್ಕೆ ಹತ್ತರಂತೆ ಕೊಟ್ಟರೆ ಒಂದು ಪ್ಯಾಕೆಟ್ಟಿಗೆ 50 ಹೋಗಿ ನಮಗೆ 100 ಉಳಿಯಿತು. ಪ್ರಮಾಣ ಎಷ್ಟೇ ಕಡಿಮೆಯಿದ್ದರೂ ನಮಗೆ ನಷ್ಟವಿಲ್ಲವಲ್ಲ ಎಂದು ಮೊದಲಿಗೆ ತೋರುತ್ತದೆ. ನಮಗೂ ಹಾಗೆಯೇ ತೋರಿತ್ತು. ಆದರೆ ಆ ಕಡೆ ಕುಳಿತ ಹುಡುಗನ ಲೆಕ್ಕವನ್ನೂ ಮಾಡಿ ನೋಡಿ. ಅವನು ನೂರು ಜನರನ್ನು ಕಳುಹಿಸಿದ, ಒಬ್ಬ ಕೊಂಡ, ಅವನಿಗೆ ಸಿಕ್ಕಿದ್ದು 50 ರೂಪಾಯಿ, ಅಂದರೆ ತಲೆಗೆ 50 ಪೈಸೆ. ಮತ್ತೊಬ್ಬ ವ್ಯಾಪಾರಿಯ ಪುಟದಲ್ಲಿ ನೂರಕ್ಕೆ ಮೂವರು ಕೊಳ್ಳುತ್ತಾರೆ, ಅಲ್ಲಿ ಅದೇ ಕಮಿಷನ್ನಿಗೆ ತಲೆಗೆ ಒಂದೂವರೆ ರೂಪಾಯಿ. ಹುಡುಗ ಯಾವ ಕಡೆ ಜನರನ್ನು ಕಳುಹಿಸುತ್ತಾನೆ? ನಾವು ಕಮಿಷನ್ ಹದಿನೈದಕ್ಕೆ ಏರಿಸಿದರೂ ಅವನಿಗೆ ಸಿಗುವುದು ತಲೆಗೆ 75 ಪೈಸೆ. ಪುಟ ಸರಿಪಡಿಸಿ ನೂರಕ್ಕೆ ಮೂವರು ಕೊಳ್ಳುವಂತೆ ಮಾಡಿದರೆ ಹಳೆಯ ಕಮಿಷನ್ನಿನಲ್ಲಿಯೇ ಒಂದೂವರೆ ರೂಪಾಯಿ. ಹೀಗಿರುವಲ್ಲಿ, ಕಮಿಷನ್ ಏಜೆಂಟರನ್ನು ಹುಡುಕುವ ಮೊದಲು ಮಾಡತಕ್ಕ ಕೆಲಸ ನಮ್ಮ ಮನೆಯೊಳಗೇ ಇದೆ.

ನಾವು ಮೋಸಹೋಗಲಿದ್ದ ಕಥೆ

ಕಳೆದ ವರ್ಷ ಒಂದು ಏಜೆನ್ಸಿಯವರು ಸಂಘದ ಕಚೇರಿಗೆ ಬಂದಿದ್ದರು. ಒಂದು ತಿಂಗಳು ಬಿಟ್ಟಿಯಾಗಿ ಕೆಲಸ ಮಾಡಿ ತೋರಿಸುತ್ತೇವೆ, ಫಲ ಕಂಡರೆ ತಿಂಗಳಿಗೆ 15 ಸಾವಿರ ರೂಪಾಯಿಯಂತೆ ಒಪ್ಪಂದ ಮಾಡಿಕೊಳ್ಳಿ ಎಂದರು. ಪುಟದ ಬಣ್ಣ ಬದಲಾಯಿಸಿದರು, 'ಈಗಲೇ ಕೊಳ್ಳಿ' ಎಂಬ ಗುಂಡಿಯನ್ನು ದೊಡ್ಡದು ಮಾಡಿದರು. ಹಿಂದಿನ ತಿಂಗಳು ಸುಮಾರು ಸಾವಿರ ಜನಕ್ಕೆ 10 ಆರ್ಡರ್ ಇದ್ದದ್ದು ಈ ತಿಂಗಳು ಅಷ್ಟೇ ಜನಕ್ಕೆ 14 ಆಯಿತು. "ನೂರಕ್ಕೆ ನಲವತ್ತರಷ್ಟು ಏರಿಕೆ" ಎಂದು ಬಣ್ಣದ ಗೆರೆ ಎಳೆದ ವರದಿ ತಂದಿಟ್ಟರು. ನಾವು, ಪದವೀಧರರೆಂದು ಹೇಳಿಕೊಳ್ಳುವವರು, ಪೆನ್ನು ತೆಗೆದೆವು. ಆ ದಿನ ಅಧ್ಯಕ್ಷರು ಊರಿನಲ್ಲಿರಲಿಲ್ಲ, ಸಹಿ ಮುಂದಕ್ಕೆ ಹೋಯಿತು. ಅಷ್ಟೇ ನಮ್ಮನ್ನು ಉಳಿಸಿದ್ದು.

ರಾತ್ರಿ ಮನೆಯಲ್ಲಿ ಕುಳಿತು ಯೋಚಿಸಿದಾಗ ಕೊಳೆರೋಗದ ಔಷಧಿ ಮಾರುವವರ ನೆನಪು ಬಂತು. ಹೊಸ ಔಷಧಿ ಹೊಡೆದ ವರ್ಷ ಕೊಳೆ ಕಡಿಮೆಯಾಯಿತು, ಆದ್ದರಿಂದ ಔಷಧಿ ಒಳ್ಳೆಯದು ಎನ್ನುತ್ತಾರೆ. ಆ ವರ್ಷ ಮಳೆಯೇ ಕಡಿಮೆಯಿದ್ದರೆ? ಅದಕ್ಕಾಗಿಯೇ ನಾವು ತೋಟದ ಒಂದು ಭಾಗಕ್ಕೆ ಮಾಮೂಲಿ ಬೋರ್ಡೋ ದ್ರಾವಣ, ಇನ್ನೊಂದು ಭಾಗಕ್ಕೆ ಹೊಸದು ಹೊಡೆದು, ಒಂದೇ ಮಳೆಯಲ್ಲಿ ಎರಡನ್ನೂ ನೋಡುವುದು. ಏಜೆನ್ಸಿಯವರ ತಿಂಗಳು ಯಾವುದು ಗೊತ್ತೆ? ದೀಪಾವಳಿಯ ಹಿಂದಿನ ತಿಂಗಳು. ಉಡುಗೊರೆಗೆಂದು ಜನ ತಾವಾಗಿಯೇ ಕೊಳ್ಳುವ ಕಾಲ.

ಈ ತಾಕು ಪ್ರಯೋಗದ ಶಾಸ್ತ್ರ ಹುಟ್ಟಿದ್ದು ಹೊಲದಲ್ಲಿಯೇ ಎಂಬುದು ಬೆಳೆಗಾರರಾದ ನಮಗೆ ಸಂತೋಷದ ಸಂಗತಿ. ಇಂಗ್ಲೆಂಡಿನ ರೊಥಾಮ್‌ಸ್ಟೆಡ್ ಕೃಷಿ ಪ್ರಯೋಗ ಕೇಂದ್ರಕ್ಕೆ 1919ರಲ್ಲಿ ಸೇರಿದ ರೊನಾಲ್ಡ್ ಫಿಷರ್ ಎಂಬ ಗಣಿತಜ್ಞರು, ಯಾವ ತಾಕಿಗೆ ಯಾವ ಗೊಬ್ಬರವೆಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಬೇಕು, ಒಂದೇ ತಾಕನ್ನು ನಂಬದೆ ಹಲವು ತಾಕುಗಳಲ್ಲಿ ಮಾಡಿ ನೋಡಬೇಕು ಎಂಬ ವಿಧಾನವನ್ನು ರೂಪಿಸಿದರು. 1935ರಲ್ಲಿ ಪ್ರಯೋಗಗಳ ರಚನೆಯ ಮೇಲೆ ಅವರ ಪುಸ್ತಕ ಬಂದಿತು. ಚಹಾಕ್ಕೆ ಹಾಲು ಮೊದಲು ಹಾಕಿದರೋ ಆಮೇಲೆ ಹಾಕಿದರೋ ರುಚಿಯಿಂದಲೇ ಹೇಳುತ್ತೇನೆಂದ ಹೆಂಗಸಿನ ಮುಂದೆ ಎಂಟು ಬಟ್ಟಲಿಡುವ ಪ್ರಸಿದ್ಧ ಉದಾಹರಣೆ ಅದರಲ್ಲಿಯೇ ಇರುವುದು. ಇಂದು ದೊಡ್ಡ ಜಾಲತಾಣಗಳವರು ಎ-ಬಿ ಪರೀಕ್ಷೆ ಎಂದು ಮಾಡುವುದು ಇದನ್ನೇ. ಬಂದವರಲ್ಲಿ ಅರ್ಧ ಜನಕ್ಕೆ ಹಳೆಯ ಪುಟ, ಅರ್ಧ ಜನಕ್ಕೆ ಹೊಸ ಪುಟ, ಯಾರಿಗೆ ಯಾವುದೆಂಬುದು ಚೀಟಿ ಎತ್ತಿದಂತೆ, ಎರಡೂ ಒಂದೇ ಕಾಲದಲ್ಲಿ. ಮೈಕ್ರೋಸಾಫ್ಟ್ ಕಂಪನಿಯ ಬಿಂಗ್ ಎಂಬ ಹುಡುಕುತಾಣದಲ್ಲಿ 2012ರಲ್ಲಿ ಜಾಹೀರಾತಿನ ತಲೆಬರಹ ತೋರಿಸುವ ರೀತಿಯನ್ನು ತುಸು ಬದಲಾಯಿಸಿ ಹೀಗೆ ಪರೀಕ್ಷಿಸಿದಾಗ ಆದಾಯ ನೂರಕ್ಕೆ ಹನ್ನೆರಡರಷ್ಟು ಏರಿತು. ಆ ಸಲಹೆ ಅದಕ್ಕೂ ಮೊದಲು ತಿಂಗಳುಗಟ್ಟಲೆ ಮೂಲೆಯಲ್ಲಿ ಬಿದ್ದಿತ್ತಂತೆ. ಯಾವುದು ಫಲ ಕೊಡುತ್ತದೆಂದು ತಜ್ಞರಿಗೂ ಮೊದಲೇ ತಿಳಿಯುವುದಿಲ್ಲ.

ಆದರೆ ನಮ್ಮಂತಹ ಸಣ್ಣವರಿಗೆ ಒಂದು ತೊಡಕಿದೆ, ಅದನ್ನು ಯಾವ ಏಜೆನ್ಸಿಯೂ ಬಾಯಿ ಬಿಟ್ಟು ಹೇಳುವುದಿಲ್ಲ. 10 ಮತ್ತು 14ರ ನಡುವಿನ ಅಂತರ ನಿಜವೋ ಆಕಸ್ಮಿಕವೋ? ಇದಕ್ಕೆ ಮನೆಯಲ್ಲೇ ಮಾಡಬಹುದಾದ ಒಂದು ಒರಟು ಲೆಕ್ಕವಿದೆ. ಎರಡೂ ಪುಟಕ್ಕೆ ಸಮಸಮ ಜನ ಬಂದಿದ್ದರೆ, ಎರಡು ಆರ್ಡರ್ ಸಂಖ್ಯೆಗಳನ್ನು ಕೂಡಿಸಿ, ಮೊತ್ತದ ವರ್ಗಮೂಲ ತೆಗೆದು, ಅದನ್ನು ಎರಡರಿಂದ ಗುಣಿಸಿ. ಆರ್ಡರುಗಳ ಅಂತರ ಅದಕ್ಕಿಂತ ಹೆಚ್ಚಿದ್ದರೆ ಮಾತ್ರ ನಂಬಿ. 10ಕ್ಕೆ 14 ಕೂಡಿದರೆ 24, ವರ್ಗಮೂಲ ಸುಮಾರು 5, ಎರಡರಿಂದ ಗುಣಿಸಿದರೆ 10. ನಮ್ಮ ಅಂತರ ಬರೀ 4. ಅಂದರೆ ಏನನ್ನೂ ಮಾಡದೆ ಸುಮ್ಮನೆ ಕುಳಿತಿದ್ದರೂ ಇಂಥ ಏರಿಳಿತ ತಿಂಗಳು ತಿಂಗಳೂ ಬರಬಹುದು. 20 ಮತ್ತು 40 ಆಗಿದ್ದರೆ ಮೊತ್ತ 60, ವರ್ಗಮೂಲ ಹತ್ತಿರ ಹತ್ತಿರ 8, ಎರಡರಿಂದ ಗುಣಿಸಿದರೆ 16. ಅಂತರ 20 ಇರುವುದರಿಂದ ಅದನ್ನು ಒಪ್ಪಬಹುದಾಗಿತ್ತು. ಇನ್ನೊಂದು ಎಚ್ಚರಿಕೆ: ದಿನ ದಿನವೂ ಲೆಕ್ಕ ಹಾಕುತ್ತಾ, ಹೊಸ ಪುಟ ಗೆದ್ದಂತೆ ಕಂಡ ದಿನ ಪರೀಕ್ಷೆ ನಿಲ್ಲಿಸುವುದು ಆತ್ಮವಂಚನೆ. ಎಷ್ಟು ಜನ ಬರುವ ತನಕ ನಡೆಸಬೇಕೆಂಬುದನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು. ನೂರಕ್ಕೆ ಎರಡಿದ್ದದ್ದು ಮೂರಾಗಿದೆಯೇ ಎಂದು ನಂಬಿಕೆಯಿಂದ ಹೇಳಲು ಪ್ರತಿ ಪುಟಕ್ಕೂ ಸುಮಾರು 3,800 ಜನ ಬರಬೇಕಾಗುತ್ತದೆ. ತಿಂಗಳಿಗೆ ಸಾವಿರ ಜನ ಬರುವ ಸಂಘದ ಪುಟಕ್ಕೆ ಅದು ಏಳೆಂಟು ತಿಂಗಳ ಮಾತು.

ಇನ್ನೂ ನಾಚಿಕೆಯ ಸಂಗತಿಯೊಂದಿದೆ. ಆ ನಾಲ್ಕು ಆರ್ಡರ್ ನಿಜವೇ ಆಗಿತ್ತೆನ್ನೋಣ. ನಾಲ್ಕು ನೂರೈವತ್ತು ಆರುನೂರು ರೂಪಾಯಿ. ಅದಕ್ಕಾಗಿ ತಿಂಗಳಿಗೆ 15 ಸಾವಿರ ಕೊಡಲು ನಾವು ಪೆನ್ನು ತೆಗೆದಿದ್ದೆವು. ನೂರಕ್ಕೆ ನಲವತ್ತು ಎಂಬ ಮಾತು ಕಿವಿಗೆ ಬಿದ್ದಾಗ ಯಾವುದರ ನಲವತ್ತು ಎಂದು ಕೇಳುವುದನ್ನೇ ಮರೆತೆವು.

ಪರೀಕ್ಷೆಯಿಲ್ಲದೆ ಸರಿಪಡಿಸಬಹುದಾದದ್ದು

ಜನ ಕಡಿಮೆಯಿರುವ ಪುಟದವರು ಎ-ಬಿ ಪರೀಕ್ಷೆಯ ಹಿಂದೆ ಬೀಳದೆ, ಕಣ್ಣಿಗೆ ಕಾಣುವ ದೋಷಗಳನ್ನು ಮೊದಲು ತೆಗೆಯಬೇಕು. ಅದಕ್ಕೆ ಅತಿ ಅಗ್ಗದ ವಿಧಾನವೆಂದರೆ ಒಬ್ಬರ ಕೈಗೆ ಫೋನ್ ಕೊಟ್ಟು, "ಅರ್ಧ ಕಿಲೋ ಪುಡಿ ತರಿಸಿ" ಎಂದು ಹೇಳಿ, ಬಾಯಿ ಮುಚ್ಚಿ ಪಕ್ಕದಲ್ಲಿ ಕೂರುವುದು. ಜಾಲತಾಣಗಳ ಬಳಕೆಯನ್ನು ಅಭ್ಯಸಿಸುವ ಯಾಕೋಬ್ ನೀಲ್ಸನ್ ಎಂಬುವರು 2000ದಲ್ಲಿಯೇ, ಐದು ಜನರನ್ನು ಹೀಗೆ ನೋಡಿದರೆ ದೊಡ್ಡ ದೋಷಗಳಲ್ಲಿ ಬಹುಪಾಲು ಹೊರಬೀಳುತ್ತವೆಂದು ಬರೆದಿದ್ದರು. ಬಾಯಿ ಮುಚ್ಚಿ ಕೂರುವುದೇ ಇದರಲ್ಲಿ ಕಷ್ಟದ ಭಾಗ.

ನಾವು ಬೆಂಗಳೂರಿಗೆ ಹೋಗಿದ್ದಾಗ ತಂಗಿಯ ಮನೆಯಲ್ಲಿ ಇದನ್ನು ಮಾಡಿದೆವು. ಪುಟ ತೆರೆಯುವಷ್ಟರಲ್ಲಿ ಅವಳು ಒಲೆಯ ಮೇಲಿನ ಹಾಲು ನೋಡಿ ಬಂದಳು. ಕಾರಣ, ತೋಟದ ಚೆಲುವು ತೋರಿಸಲೆಂದು ನಾವು ಹಾಕಿದ್ದ ಭಾರೀ ಚಿತ್ರ. ಗೂಗಲ್ ಕಂಪನಿ 2016ರಲ್ಲಿ ಪ್ರಕಟಿಸಿದ ಅಂಕಿಯ ಪ್ರಕಾರ, ಮೊಬೈಲಿನಲ್ಲಿ ಪುಟ ತೆರೆಯಲು 3 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ನೂರಕ್ಕೆ 53 ಭೇಟಿಗಳು ಅಲ್ಲಿಗೇ ಮುಗಿಯುತ್ತವೆ. ಆಮೇಲೆ ಹನ್ನೊಂದು ಬಗೆಯ ಪುಡಿಯ ಪಟ್ಟಿ ಬಂತು. "ಅಣ್ಣಯ್ಯ, ಇದರಲ್ಲಿ ಫಿಲ್ಟರಿಗೆ ಯಾವುದು? ಚಿಕೋರಿ ಇಲ್ಲದ್ದು ಯಾವುದು? ಎಲ್ಲದಕ್ಕೂ ಬೆಟ್ಟದ ಹೆಸರಿಟ್ಟಿದ್ದೀರಲ್ಲ!" ಎಂದಳು. ಹೇಗೋ ಒಂದನ್ನು ಆರಿಸಿದಳು. ವಿಳಾಸ ತುಂಬಿದಳು, ಪಿನ್‌ಕೋಡ್ ತುಂಬಿದಳು, ಪಾಸ್‌ವರ್ಡ್ ಒಂದನ್ನು ಸೃಷ್ಟಿಸು ಎಂದಿತು, ಅದನ್ನೂ ಮಾಡಿದಳು. ಕಟ್ಟಕಡೆಯಲ್ಲಿ ಕೊರಿಯರಿಗೆ 90 ರೂಪಾಯಿ ಬೇರೆ ಎಂದು ಬಂದಿತು. ಫೋನನ್ನು ಮೇಜಿನ ಮೇಲಿಟ್ಟು, "ನೀನು ಬರುವಾಗ ತಂದುಬಿಡು" ಎಂದಳು. ಸ್ವಂತ ತಂಗಿ!

ಇದು ಅವಳೊಬ್ಬಳ ಮಾತಲ್ಲ. ಕೊಳ್ಳುವವರ ನಡವಳಿಕೆಯ ಬಗ್ಗೆ ಅನೇಕ ವರ್ಷಗಳಿಂದ ಅಂಕಿ ಸಂಗ್ರಹಿಸುತ್ತಿರುವ ಡೆನ್ಮಾರ್ಕಿನ ಬೇಮಾರ್ಡ್ ಸಂಸ್ಥೆಯವರ ಲೆಕ್ಕದಲ್ಲಿ, ಜಾಲತಾಣದ ಬುಟ್ಟಿಗೆ ಸರಕು ಹಾಕಿದ ನೂರು ಜನರಲ್ಲಿ ಸುಮಾರು 70 ಜನ ಕೊಳ್ಳದೆ ಹೋಗುತ್ತಾರೆ. ಸುಮ್ಮನೆ ನೋಡಲು ಬಂದವರನ್ನು ಬಿಟ್ಟರೆ, ಉಳಿದವರು ಹೇಳುವ ಕಾರಣಗಳಲ್ಲಿ ಮೊದಲನೆಯದು ಕೊನೆಯಲ್ಲಿ ಬಂದು ಸೇರುವ ಸಾಗಣೆ ಮತ್ತಿತರ ಖರ್ಚು. ಖಾತೆ ತೆರೆಯಬೇಕೆಂಬ ಒತ್ತಾಯವೂ ಆ ಪಟ್ಟಿಯಲ್ಲಿದೆ. ನಾವು ಕೊರಿಯರನ್ನು ಬೆಲೆಯಲ್ಲಿಯೇ ಸೇರಿಸಿ ಮೊದಲ ಸಾಲಿನಲ್ಲಿಯೇ ತೋರಿಸಿದೆವು, ಪಾಸ್‌ವರ್ಡ್ ತೆಗೆದುಹಾಕಿದೆವು, ಯುಪಿಐ ಮೂಲಕ ಹಣ ಕೊಡುವ ಗುಂಡಿಯನ್ನು ಮುಂದಕ್ಕೆ ತಂದೆವು. ಮನೆ ಬಾಗಿಲಲ್ಲಿ ಹಣ ಕೊಡುವ ಸೌಲಭ್ಯ ಬೇಕೇ ಎಂಬುದರಲ್ಲಿ ಸಮಿತಿಯಲ್ಲಿ ಇನ್ನೂ ಒಮ್ಮತವಿಲ್ಲ. ಅದರಿಂದ ಆರ್ಡರ್ ಹೆಚ್ಚುವುದು ನಿಜ. ಬಾಗಿಲು ಹಾಕಿಕೊಂಡು ಮರಳಿ ಕಳುಹಿಸುವವರೂ ಹೆಚ್ಚುತ್ತಾರೆ, ಎರಡು ಕಡೆಯ ಕೊರಿಯರ್ ನಮ್ಮ ತಲೆಗೆ. ಹೋಗಿ ಬಂದ ಪುಡಿಯ ಪರಿಮಳವೂ ಇಳಿದಿರುತ್ತದೆ.

ಹನ್ನೊಂದು ಬಗೆಯ ಪಟ್ಟಿಯ ವಿಷಯದಲ್ಲಿ ಒಂದು ಪ್ರಸಿದ್ಧ ಪ್ರಯೋಗವನ್ನು ಹೇಳದಿರಲಾಗದು. ಶೀನಾ ಅಯ್ಯಂಗಾರ್ ಮತ್ತು ಮಾರ್ಕ್ ಲೆಪ್ಪರ್ ಎಂಬ ವಿದ್ವಾಂಸರು ಕ್ಯಾಲಿಫೋರ್ನಿಯಾದ ಒಂದು ದಿನಸಿ ಅಂಗಡಿಯಲ್ಲಿ ಒಮ್ಮೆ 24 ಬಗೆಯ ಜಾಮ್, ಇನ್ನೊಮ್ಮೆ 6 ಬಗೆಯ ಜಾಮ್ ಇಟ್ಟು ನೋಡಿ, ಫಲವನ್ನು 2000ದಲ್ಲಿ ಪ್ರಕಟಿಸಿದರು. 24 ಇದ್ದಾಗ ದಾರಿಹೋಕರಲ್ಲಿ ನೂರಕ್ಕೆ 60 ಜನ ನಿಂತರು, ನಿಂತವರಲ್ಲಿ ಕೊಂಡವರು ನೂರಕ್ಕೆ 3. ಆರೇ ಇದ್ದಾಗ ನಿಂತವರು 40, ಅವರಲ್ಲಿ ಕೊಂಡವರು ನೂರಕ್ಕೆ 30. ಹೂವಿಗೂ ಕಾಯಿಗೂ ಇರುವ ವ್ಯತ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಆದರೆ ಮಾರಾಟದ ಉಪನ್ಯಾಸಕಾರರು ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಇಂತಹ ಹಲವಾರು ಪ್ರಯೋಗಗಳನ್ನು ಒಟ್ಟುಗೂಡಿಸಿ 2010ರಲ್ಲಿ ನೋಡಿದವರಿಗೆ ಸರಾಸರಿಯಲ್ಲಿ ಹೆಚ್ಚುಕಡಿಮೆ ಏನೂ ಪರಿಣಾಮ ಕಾಣಲಿಲ್ಲ. ಕೆಲವೆಡೆ ಆಯ್ಕೆ ಹೆಚ್ಚಾದರೆ ಮಾರಾಟ ಇಳಿಯುತ್ತದೆ, ಕೆಲವೆಡೆ ಏರುತ್ತದೆ. ಆದಕಾರಣ ನಾವು ಪಟ್ಟಿಯನ್ನು ಮೊಟಕು ಮಾಡಲಿಲ್ಲ. ಮೊದಲ ಪುಟದಲ್ಲಿ ಮೂರನ್ನಿಟ್ಟು, ಪ್ರತಿಯೊಂದರ ಕೆಳಗೆ ಫಿಲ್ಟರಿಗೆ, ಚಿಕೋರಿಯಿಲ್ಲದೆ, ಚಿಕೋರಿ ನೂರಕ್ಕೆ ಇಷ್ಟು ಎಂದು ಬರೆದು, ಉಳಿದ ಎಂಟನ್ನು ಹಿಂದಿನ ಪುಟಕ್ಕೆ ಸರಿಸಿದೆವು. ಚಿಕೋರಿಯ ಪ್ರಮಾಣವನ್ನು ಲೇಬಲ್ಲಿನಲ್ಲಿ ಹೇಗೂ ಹೇಳಲೇಬೇಕು. ಚಿಕೋರಿ ಮಿಶ್ರಣದಲ್ಲಿ ಕಾಫಿ ನೂರಕ್ಕೆ 51ಕ್ಕಿಂತ ಕಡಿಮೆಯಿರಬಾರದೆಂದೂ ಆಹಾರ ಸುರಕ್ಷತೆಯ ನಿಯಮವಿದೆ. ಬಚ್ಚಿಡುವುದಕ್ಕಿಂತ ಮುಂದಿಟ್ಟರೆ ಕೊಳ್ಳುವವನ ಅನುಮಾನ ಹೋಗುತ್ತದೆ. ಹುರಿದ ದಿನಾಂಕವೂ ಹಾಗೆಯೇ.

ಕಮಿಷನ್ನಿಗೆ ಬರೆಯುವ ನಮ್ಮ ಮಕ್ಕಳಿಗೆ

ನಿಮ್ಮ ಕೈಯಲ್ಲಿ ಮಾರುವವನ ಪುಟವಿಲ್ಲ, ನಿಮ್ಮ ಬರಹ ಮಾತ್ರ ಇದೆ. ಆದುದರಿಂದ ನೀವು ಸುಧಾರಿಸಬಹುದಾದದ್ದು, ಸರಿಯಾದ ಮನುಷ್ಯನನ್ನು ಸರಿಯಾದ ಬಾಗಿಲಿಗೆ ಕಳುಹಿಸುವ ಕೆಲಸವನ್ನು. 'ಫಿಲ್ಟರ್ ಕಾಫಿ ಮಾಡುವುದು ಹೇಗೆ' ಎಂಬ ಬರಹಕ್ಕೆ ಬಹಳ ಜನ ಬರುತ್ತಾರೆ, ಕೊಳ್ಳುವವರು ಕಡಿಮೆ. ಅವರಿಗೆ ಬೇಕಾದ ಉತ್ತರ ಅಲ್ಲಿಯೇ ಸಿಕ್ಕಿತು. 'ಹಿತ್ತಾಳೆ ಫಿಲ್ಟರೋ ಸ್ಟೀಲ್ ಫಿಲ್ಟರೋ, ಇಬ್ಬರ ಮನೆಗೆ ಎಷ್ಟು ದೊಡ್ಡದು' ಎಂದು ಹುಡುಕುವವನು ಹಣ ಕೈಯಲ್ಲಿ ಹಿಡಿದು ಬಂದವನು. ಅಂಥವರು ಹತ್ತೇ ಜನ ಬಂದರೂ ನಿಮಗೆ ಲಾಭ. ಕೊಂಡಿಯನ್ನು ಅಂಗಡಿಯ ಮುಂಬಾಗಿಲಿಗೆ ಕೊಡದೆ ನೀವು ಹೇಳಿದ ಅದೇ ವಸ್ತುವಿನ ಪುಟಕ್ಕೆ ಕೊಡಿ. ಅದು ದಾಸ್ತಾನಿದೆಯೇ ಎಂದು ಆಗಾಗ ನೋಡಿಕೊಳ್ಳಿ. ಬರಹದಲ್ಲಿ ಒಂದು ಬೆಲೆ, ಅಲ್ಲಿ ಇನ್ನೊಂದು ಬೆಲೆಯಾದರೆ ಓದುಗ ಇಬ್ಬರನ್ನೂ ನಂಬುವುದಿಲ್ಲ. ವಸ್ತುವನ್ನು ಬಳಸಿ ನೋಡಿ, ಅದರ ಕೊರತೆಯನ್ನೂ ಬರೆಯಿರಿ. ಯಾರಿಗೆ ಅದು ಬೇಡವೆಂದು ಹೇಳಿದ ಮೇಲೆ ಬೇಕಾದವರು ಧೈರ್ಯವಾಗಿ ಕೊಳ್ಳುತ್ತಾರೆ.

ಕಮಿಷನ್ನಿನ ಷರತ್ತುಗಳನ್ನು ಓದಿಕೊಳ್ಳಿ. ಕಳುಹಿಸಿದ ಗಿರಾಕಿ ಎಷ್ಟು ಹೊತ್ತಿನೊಳಗೆ ಕೊಂಡರೆ ನಿಮ್ಮ ಲೆಕ್ಕಕ್ಕೆ ಸೇರುತ್ತದೆಂಬುದು ಅಂಗಡಿಯಿಂದ ಅಂಗಡಿಗೆ ಬೇರೆ. ಅಮೆಜಾನಿನಲ್ಲಿ ಸಾಮಾನ್ಯವಾಗಿ 24 ಗಂಟೆ. ನಾಳೆ ಯೋಚಿಸಿ ನಾಡಿದ್ದು ಕೊಳ್ಳುವಂತಹ ದುಬಾರಿ ಯಂತ್ರವನ್ನು ಅಲ್ಲಿ ಶಿಫಾರಸು ಮಾಡಿ ನೂರಕ್ಕೆ ಒಬ್ಬನೂ ಕೊಳ್ಳಲಿಲ್ಲವೆಂದು ಕೊರಗಿದರೆ, ಕೊಂಡವನು ನಿಮ್ಮ ಲೆಕ್ಕದ ಆಚೆ ಕೊಂಡಿರಬಹುದು.

ಮಾರುವ ನಮಗೂ ಇಲ್ಲೊಂದು ಎಚ್ಚರಿಕೆ ಬೇಕು. ಕೊನೆಯ ಕ್ಲಿಕ್ಕು ಯಾರದೋ ಅವರಿಗೆ ಪೂರ್ತಿ ಕಮಿಷನ್ ಎಂಬುದು ಸಾಮಾನ್ಯ ಪದ್ಧತಿ. ಗಿರಾಕಿ ಬುಟ್ಟಿ ತುಂಬಿ ಹಣ ಕೊಡುವ ಮುಂಚೆ ರಿಯಾಯಿತಿ ಕೂಪನ್ ಇದೆಯೇ ಎಂದು ಹುಡುಕಲು ಹೋಗುತ್ತಾನೆ, ಅಲ್ಲೊಬ್ಬನ ಕೂಪನ್ ಪುಟ ಒತ್ತಿ ಹಿಂದಿರುಗುತ್ತಾನೆ, ಕಮಿಷನ್ ಅವನಿಗೆ. ಅಂಗಡಿಯ ಹೊಸ್ತಿಲಲ್ಲಿ ನಿಂತು ಒಳಬರುವವನ ಹೆಗಲ ಮೇಲೆ ಕೈಯಿಟ್ಟು 'ಇವನನ್ನು ಕರೆತಂದವನು ನಾನೇ' ಎನ್ನುವ ದಲ್ಲಾಳಿಯನ್ನು ನಾವು ಮಂಡಿಯಲ್ಲಿ ಕಂಡಿಲ್ಲವೇ? ಇಂಥವರ ಪರಿವರ್ತನೆಯ ಪ್ರಮಾಣ ನೂರಕ್ಕೆ ಇಪ್ಪತ್ತು ಮೂವತ್ತು ಎಂದು ಕಂಡು ಹಿಗ್ಗಬಾರದು. ಅಸಹಜವಾಗಿ ಹೆಚ್ಚಿನ ಪ್ರಮಾಣ ಕಂಡಾಗಲೇ ವಿಚಾರಿಸಬೇಕು.

ಕಾನೂನಿನ ಮಾತು ಚಿಕ್ಕದಾಗಿ. 'ಮೂರೇ ಪ್ಯಾಕೆಟ್ ಉಳಿದಿವೆ' ಎಂಬ ಸುಳ್ಳು ಫಲಕ, ಓಡುವ ಗಡಿಯಾರ, ಕೇಳದೆ ಬುಟ್ಟಿಗೆ ಸೇರುವ ಸರಕು, ಕೊನೆಯಲ್ಲಿ ಬಯಲಾಗುವ ಖರ್ಚು, ಇವುಗಳಿಂದ ಪ್ರಮಾಣ ಏರುತ್ತದೆಂದು ಹೇಳಿಕೊಡುವವರಿದ್ದಾರೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರಿನಲ್ಲಿ ಇಂತಹ 13 ಕುಟಿಲ ವಿಧಾನಗಳನ್ನು ಹೆಸರಿಸಿ ನಿಷೇಧಿಸಿದೆ. ಕಮಿಷನ್ ಪಡೆಯುವವನು ಅದನ್ನು ಓದುಗನಿಗೆ ಸ್ಪಷ್ಟವಾಗಿ ತಿಳಿಸಬೇಕೆಂಬುದು 2022ರ ಜಾಹೀರಾತು ಮಾರ್ಗಸೂಚಿಯಲ್ಲಿದೆ. ದಾರಿತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಮೊದಲ ಸಲ 10 ಲಕ್ಷ ರೂಪಾಯಿಯವರೆಗೆ ದಂಡ ಬೀಳಬಹುದು. ನಮ್ಮ ಮೆಣಸು ಸಕ್ಕರೆ ಕಾಯಿಲೆ ಗುಣಪಡಿಸುತ್ತದೆಂದು ಯಾವನೋ ಹುಡುಗ ಕಮಿಷನ್ ಆಸೆಗೆ ಬರೆದರೆ ಮೆಣಸು ಮಾರಿದವರ ಹೆಸರೂ ಅಲ್ಲಿ ಬರುತ್ತದೆ. 2019ರಲ್ಲಿ ಭೌಗೋಳಿಕ ಗುರುತು ದೊರೆತ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿ ಅರೇಬಿಕಾಗಳ ಹೆಸರನ್ನು ಬೇರೆ ಕಡೆಯ ಬೀಜಕ್ಕೆ ಅಂಟಿಸುವುದೂ ಸಲ್ಲ.

ಸಮಿತಿಯು ಕಳೆದ ತಿಂಗಳ ಸಭೆಯಲ್ಲಿ ತೀರ್ಮಾನಿಸಿದ್ದು ಹೀಗಿದೆ. ಈ ಹಂಗಾಮಿಗೆ ಹಣ ಕೊಟ್ಟು ಜಾಹೀರಾತು ಹಾಕುವುದಿಲ್ಲ. ಸದಸ್ಯರ ಮನೆಯವರೂ ಸೇರಿದಂತೆ ಹನ್ನೆರಡು ಜನಕ್ಕೆ ಮೀರದಂತೆ ಶಿಫಾರಸುದಾರರನ್ನು ನೋಂದಾಯಿಸಿಕೊಂಡು ನೂರಕ್ಕೆ ಹತ್ತರಂತೆ ಕಮಿಷನ್ ಕೊಡುವುದು. ಸರಕು ತಲುಪಿ, ಮರಳಿ ಕಳುಹಿಸುವ ಅವಧಿ ಕಳೆದ ಮೇಲೆಯೇ ಹಣ. ಅವರು ಬರೆದದ್ದನ್ನು ಪ್ರಕಟಣೆಗೆ ಮುನ್ನ ಕಚೇರಿಗೆ ತೋರಿಸಬೇಕು. ಬಂದವರು, ಬುಟ್ಟಿಗೆ ಹಾಕಿದವರು, ಕೊಂಡವರು, ಮರಳಿಸಿದವರು, ಎರಡನೆಯ ಸಲ ಕೊಂಡವರು ಎಂದು ಐದು ಅಂಕಣದ ಪುಸ್ತಕವನ್ನು ಕಚೇರಿಯಲ್ಲಿ ತೆರೆದಿದ್ದೇವೆ. ಸಭೆಯಲ್ಲಿ ಪ್ರಶ್ನೆ ಕೇಳಿದ ಸದಸ್ಯರೇ ಅದರ ಮೊದಲ ತಿಂಗಳ ಅಂಕಿಗಳನ್ನು ತಮ್ಮ ಕೈಯಿಂದ ಬರೆದಿದ್ದಾರೆ. ಸೋಮವಾರದಿಂದ ಶನಿವಾರದವರೆಗೆ ಕಚೇರಿಯ ವೇಳೆಯಲ್ಲಿ ಯಾವ ಸದಸ್ಯರಾದರೂ ಬಂದು ಅದನ್ನು ನೋಡಬಹುದು. ಸ್ವಂತ ಪುಟ ಇಟ್ಟಿರುವವರು ತಮ್ಮ ಅಂಕಿಗಳನ್ನು ತಂದರೆ ಒಟ್ಟಿಗೆ ಕುಳಿತು ವರ್ಗಮೂಲದ ಲೆಕ್ಕ ಹಾಕೋಣ. ಫೋನಿನಲ್ಲಿ ಆರ್ಡರ್ ಮಾಡಿ ತೋರಿಸಲು ಒಪ್ಪುವ, ನಮ್ಮ ಸಂಘದ ಪುಟವನ್ನು ಇದುವರೆಗೆ ನೋಡಿಯೇ ಇರದ ಒಬ್ಬರನ್ನು ಜೊತೆಗೆ ಕರೆತಂದರೆ ಇನ್ನೂ ಉಪಕಾರವಾಗುತ್ತದೆ.

— ಕಾರ್ಯದರ್ಶಿ